ಟೋಲ್ ಕಟ್ಟೋಕೆ ಕನ್ನಡಿಗ, ಕೂಗಿದರೆ ಓಗೊಡೋರು ಯಾರು?



ನಿಮಗೊಂದು ಸಣ್ಣ ಪರೀಕ್ಷೆ. 1033 ಅಂದರೆ ಏನು?

ತಡಬಡಾಯಿಸಬೇಡಿ. ಪಕ್ಕದಲ್ಲಿ ಕೂತಿರುವ ಗೆಳೆಯನನ್ನು ಕೇಳಿ, ಆಫೀಸಿನಲ್ಲಿ ಕೇಳಿ, ಕಾಲೇಜಿನ ಕ್ಯಾಂಟೀನಿನಲ್ಲಿ ಕೇಳಿ. ಕ್ರಿಕೆಟ್ ಸ್ಕೋರು ಗೊತ್ತು, ಸಿನಿಮಾದ ಮೊದಲ ದಿನದ ಗಳಿಕೆ ಗೊತ್ತು, ಪಿಜ್ಜಾ ತರಿಸುವ ದಾರಿ ಗೊತ್ತು. ಆದರೆ ಮೈಸೂರು ಹೆದ್ದಾರಿಯಲ್ಲಿ ನಡುರಾತ್ರಿ ಟೈರು ಸಿಡಿದರೆ ಯಾರನ್ನು ಕರೆಯಬೇಕು ಅನ್ನೋದು ಎಷ್ಟು ಜನಕ್ಕೆ ಗೊತ್ತು?

1033 ಅನ್ನೋದು ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ. ನೀವು ಕಟ್ಟುವ ಟೋಲಿನ ಜೊತೆಗೇ ಬರುವ ಹಕ್ಕು ಅದು. ಗಸ್ತು ಗಾಡಿ, ಆಂಬುಲೆನ್ಸ್, ಕೆಟ್ಟು ನಿಂತ ಗಾಡಿ ಎಳೆಯುವ ಕ್ರೇನ್, ಈ ಮೂರನ್ನೂ ಟೋಲ್ ಹೆದ್ದಾರಿಯಲ್ಲಿ ಇಟ್ಟಿರಬೇಕು ಅನ್ನೋದು ಹೆದ್ದಾರಿ ಪ್ರಾಧಿಕಾರದ ಕರಾರಿನಲ್ಲೇ ಇರುವ ಮಾತು. ಭಿಕ್ಷೆಯಲ್ಲ ಸ್ವಾಮಿ, ನೀವು ದುಡ್ಡು ಕೊಟ್ಟು ಕೊಂಡದ್ದು!

ಹಿಂದೆ ಟೋಲಿನಲ್ಲಿ ಕೈಗೆ ಒಂದು ಚೀಟಿ ಕೊಡುತ್ತಿದ್ದರು. ಸಹಾಯದ ನಂಬರುಗಳು ಅದರಲ್ಲಿ ಅಚ್ಚಾಗಿರುತ್ತಿದ್ದವು. 2021ರ ಫೆಬ್ರವರಿಯಿಂದ ಫಾಸ್ಟ್‌ಟ್ಯಾಗ್ ಕಡ್ಡಾಯವಾಯಿತು. ಗಾಜಿಗೆ ಅಂಟಿಸಿದ ಚೀಟಿಯಿಂದ ದುಡ್ಡು ತಾನಾಗಿ ಹೋಗುತ್ತದೆ, ಕೈಗೆ ಬರುತ್ತಿದ್ದ ಚೀಟಿ ಮಾಯ. ದುಡ್ಡು ಹೋದದ್ದಕ್ಕೆ ಮೊಬೈಲಿಗೆ ಮೆಸೇಜು ಬರುತ್ತದೆ, ಆ ದುಡ್ಡಿಗೆ ಏನು ಸಿಗಬೇಕು ಅನ್ನೋದಕ್ಕೆ ಬರುವುದಿಲ್ಲ. ಕಸಿಯೋ ಕೈ ಚುರುಕು, ಕೊಡೋ ಕೈ ನಿದ್ದೆ.

ಮಂಡ್ಯದ ಎದೆಯ ಮೇಲೆ ಹಾದ ರಸ್ತೆ

2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಗೆ ಬಂದು ಬೆಂಗಳೂರು–ಮೈಸೂರು ಹೆದ್ದಾರಿಯನ್ನು ನಾಡಿಗೆ ಅರ್ಪಿಸಿದರು. ಸುಮಾರು 118 ಕಿಲೋಮೀಟರ್, ಸುಮಾರು 8,480 ಕೋಟಿ ರೂಪಾಯಿ. ನಡುವೆ ಆರು ಪಥ, ಅಕ್ಕಪಕ್ಕ ಎರಡೆರಡು ಪಥದ ಸರ್ವೀಸ್ ರಸ್ತೆ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಅಂತ ಐದು ಬೈಪಾಸು. ಎರಡೇ ದಿನಕ್ಕೆ ಬಿಡದಿ ಕಡೆಯ ಟೋಲ್ ಶುರು. ಜುಲೈ 1ಕ್ಕೆ ಶ್ರೀರಂಗಪಟ್ಟಣದ ಹತ್ತಿರ ಗಣಂಗೂರಿನಲ್ಲಿ ಇನ್ನೊಂದು. ಆ ಹೊತ್ತಿಗೆ ಕಾರಿನಲ್ಲಿ ಒಮ್ಮೆ ಹೋದರೆ ಎರಡೂ ಸೇರಿ 320 ರೂಪಾಯಿ.

ರಸ್ತೆಗೆ ಜಮೀನು ಕೊಟ್ಟವನು ಯಾರು? ಮದ್ದೂರು, ಮಂಡ್ಯದ ರೈತ. ಬೈಪಾಸಿನಿಂದ ವ್ಯಾಪಾರ ಕಳೆದುಕೊಂಡವನು ಯಾರು? ಮದ್ದೂರು ವಡೆ ಮಾರುವವನು, ಚನ್ನಪಟ್ಟಣದ ಗೊಂಬೆ ಮಾರುವವನು, ಬಿಡದಿಯ ತಟ್ಟೆ ಇಡ್ಲಿಯವನು. ಆಚೆ ಹೊಲಕ್ಕೆ ಹೋಗಲು ಅಂಡರ್‌ಪಾಸ್ ಕೊಡಿ ಅಂತ ಬೀದಿಗಿಳಿದವರು ಯಾರು? ಹನಕೆರೆಯಂಥ ಹಳ್ಳಿಯವರು. ಸರಿ, ನಾಡು ಬೆಳೆಯಬೇಕು, ರಸ್ತೆ ಬೇಕು, ಯಾರೂ ಬೇಡ ಅನ್ನಲಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಒಂದೂವರೆ ಗಂಟೆ ಅಂತ ಎಲ್ಲರೂ ಚಪ್ಪಾಳೆ ತಟ್ಟಿದೆವು.

ಆಮೇಲೆ ಹೆಣಗಳ ಲೆಕ್ಕ ಬಂತು. ಪೊಲೀಸರೇ ಕೊಟ್ಟ ಲೆಕ್ಕದಲ್ಲಿ 2023ರ ಒಂದೇ ವರ್ಷ ಈ ಹೆದ್ದಾರಿಯಲ್ಲಿ 188 ಜನ ಸತ್ತರು. ಎರಡು ದಿನಕ್ಕೊಂದು ಹೆಣ!

ಆಗ ಸರ್ಕಾರ ಎಚ್ಚೆತ್ತಿತು. ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ರಸ್ತೆಗಿಳಿದರು. ಗಂಟೆಗೆ 100 ಕಿಲೋಮೀಟರ್ ಮಿತಿಯನ್ನು ಬಿಗಿ ಮಾಡಿದರು. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆ ಬಂದ್ ಆಯಿತು. 2024ರಲ್ಲಿ ಕ್ಯಾಮೆರಾ ಕಣ್ಣುಗಳು ಬಂದವು. 2024ರಲ್ಲಿ ಸತ್ತವರು 50.

188 ಎಲ್ಲಿ, 50 ಎಲ್ಲಿ! ಇದರಿಂದ ಗೊತ್ತಾಗುವುದೇನು? ರಸ್ತೆಯ ಸಾವು ಹಣೆಬರಹವಲ್ಲ. ಮಾರಿಯ ಕೋಪವಲ್ಲ. ಮನಸ್ಸು ಮಾಡಿದರೆ ಒಂದೇ ವರ್ಷದಲ್ಲಿ ಮುಕ್ಕಾಲು ಪಾಲು ಇಳಿಸಬಹುದು. ಮನಸ್ಸು ಮಾಡದಿದ್ದರೆ 188.

ಆದರೆ ಇಷ್ಟಕ್ಕೇ ಬೆನ್ನು ತಟ್ಟಿಕೊಳ್ಳಬೇಡಿ. ಇದುವರೆಗೆ ಮಾಡಿದ್ದು ಬಹುಪಾಲು ದಂಡದ ಕೆಲಸ. ಕ್ಯಾಮೆರಾ ಫೋಟೋ ತೆಗೆಯುತ್ತದೆ, ಬಿಲ್ಲು ಕಳಿಸುತ್ತದೆ. ಕ್ಯಾಮೆರಾ ಬಂದು ಜಾಕ್ ಹಾಕುವುದಿಲ್ಲ. ರಕ್ತ ಸುರಿಯುವ ಕಾಲಿಗೆ ಬಟ್ಟೆ ಕಟ್ಟುವುದಿಲ್ಲ. ಕೆಟ್ಟು ನಿಂತ ಲಾರಿಯ ಹಿಂದೆ ಕೆಂಪು ದೀಪ ಹಿಡಿದು ನಿಲ್ಲುವುದಿಲ್ಲ. ಅದಕ್ಕೆ ಮನುಷ್ಯ ಬೇಕು. ನಮ್ಮ ಮಾತು ತಿಳಿದ ಮನುಷ್ಯ ಬೇಕು. ಈ ಲೇಖನ ಆ ಮನುಷ್ಯನ ಬಗ್ಗೆ.

ಗಸ್ತು ಅಂದರೆ ಜೀಪಿನಲ್ಲಿ ನಿದ್ದೆಯಲ್ಲ

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಎದುರಿಗೆ ಲಾರಿ ನಿಂತಿದೆ ಅಂತ ಕಂಡು, ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಎರಡು ಸೆಕೆಂಡ್. ಅಷ್ಟರಲ್ಲಿ 56 ಮೀಟರ್ ಮುಗಿಯಿತು, ಬ್ರೇಕು ಇನ್ನೂ ಹಿಡಿದೇ ಇಲ್ಲ. ಹಿಂಬದಿ ದೀಪವಿಲ್ಲದ ಲಾರಿಯ ಹಿಂದೆ ಎರಡು ಕಲ್ಲು, ಒಂದು ಹಸಿರು ಕೊಂಬೆ ಇಟ್ಟು ಡ್ರೈವರು ಚಹಾ ಕುಡಿಯಲು ಹೋದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ.

ಅಪಘಾತದಲ್ಲಿ ಮೊದಲನೆಯದಕ್ಕಿಂತ ಎರಡನೆಯದು ಘೋರ. ಕೆಟ್ಟು ನಿಂತ ಗಾಡಿಗೆ ಬಂದು ಬಡಿಯುವುದು. ಅಪಘಾತ ನೋಡಲು ನಿಂತವರ ಮೇಲೆ ಹರಿಯುವುದು. ಇದನ್ನು ತಡೆಯುವುದೇ ಗಸ್ತಿನ ಮೊದಲ ಕೆಲಸ. ಮುಂಚೆಯೇ ಬಂದು, ದೂರದಿಂದಲೇ ಮಿನುಗುವ ದೀಪ ಹಾಕಿ, ಕೋನುಗಳನ್ನು ಸಾಲಾಗಿ ಇಟ್ಟು, ಜನರನ್ನು ಕಂಬಿಯಾಚೆ ನಿಲ್ಲಿಸಿ, ಗಾಡಿ ಎಳೆದು ಹಾಕುವುದು. ಟೈರು ಬದಲಿಸುವುದು, ಒಂದಿಷ್ಟು ಡೀಸೆಲ್ ಕೊಡುವುದು ಆಮೇಲಿನ ಮಾತು.

ಇದು ಹೊಸ ವಿದ್ಯೆಯೇನಲ್ಲ. ಬ್ರಿಟನ್ನಿನಲ್ಲಿ ಎಎ ಅನ್ನೋ ವಾಹನ ಸಂಘ 1905ರಲ್ಲೇ ಹುಟ್ಟಿತು. ಶುರುವಿನಲ್ಲಿ ಅದರ ಗಸ್ತಿನ ಹುಡುಗರು ಸೈಕಲ್ಲಿನಲ್ಲಿ ಓಡಾಡುತ್ತಿದ್ದರು. ಜರ್ಮನಿಯಲ್ಲಿ ಎಡಿಎಸಿ ಸಂಘದ ರಸ್ತೆ ಗಸ್ತು 1954ರಿಂದ ಇದೆ. ಜನ ಅವರನ್ನು ಹಳದಿ ದೇವತೆಗಳು ಅಂತಲೇ ಕರೆಯುತ್ತಾರೆ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1991ರಿಂದ ದಟ್ಟಣೆಯ ಹೊತ್ತಿಗೆ ಎಳೆಯುವ ಗಾಡಿಗಳು ಸರ್ಕಾರದ ಖರ್ಚಿನಲ್ಲಿ ಸುತ್ತುತ್ತವೆ, ಕೆಟ್ಟ ಗಾಡಿಯವನು ಕಾಸು ಕೊಡಬೇಕಿಲ್ಲ. ಅಷ್ಟು ದೂರ ಯಾಕೆ, ಪಕ್ಕದ ಮಹಾರಾಷ್ಟ್ರದಲ್ಲಿ 2016ರಿಂದ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯನ್ನು ಸಾವಿಲ್ಲದ ರಸ್ತೆ ಮಾಡುತ್ತೇವೆ ಅಂತ ಹಟ ಹಿಡಿದು ಕೂತರು. ಸೊನ್ನೆಗೆ ಇಳಿಯಲಿಲ್ಲ, ಆದರೆ ಸಾವು ಗಣನೀಯವಾಗಿ ಇಳಿಯಿತು. ನಮ್ಮ ದೇಶದಲ್ಲಿ ಆಗದು ಅನ್ನುವವರ ಬಾಯಿಗೆ ಇದು ಬೀಗ.

ಬನ್ನಿ, ಲೆಕ್ಕ ಹಾಕೋಣ

ಭಾವುಕತೆ ಬಿಡಿ, ಪೆನ್ನು ಕಾಗದ ತಗೊಳ್ಳಿ. ನಮ್ಮವರಿಗೆ ಕನ್ನಡ ಅಂದರೆ ಬರೀ ಕಣ್ಣೀರು, ಕೂಗಾಟ ಅಂತ ಇಂಗ್ಲಿಷ್ ಪತ್ರಿಕೆಯವರು ನಗುತ್ತಾರೆ. ಅವರಿಗೆ ಲೆಕ್ಕದಲ್ಲೇ ಉತ್ತರ ಕೊಡೋಣ.

118 ಕಿಲೋಮೀಟರಿಗೆ ಎರಡೇ ಗಸ್ತು ಗಾಡಿ ಇಟ್ಟರು ಅಂತಿಟ್ಟುಕೊಳ್ಳಿ. ಒಂದೊಂದಕ್ಕೂ ಸುಮಾರು 60 ಕಿಲೋಮೀಟರ್. ಹೋಗಿ ಬರಲು 120. ಎಲ್ಲೂ ನಿಲ್ಲದೆ ಗಂಟೆಗೆ 60ರಂತೆ ಓಡಿದರೂ ಒಂದು ಸುತ್ತಿಗೆ ಎರಡು ಗಂಟೆ. ಅಂದರೆ ಕೆಟ್ಟು ನಿಂತವನು ಸರಾಸರಿ ಒಂದು ಗಂಟೆ ಕಾಯಬೇಕು, ಅದೃಷ್ಟ ಕೆಟ್ಟಿದ್ದರೆ ಎರಡು ಗಂಟೆ. ಅದೂ ಗಸ್ತಿನವರು ದಾರಿಯಲ್ಲಿ ಇನ್ನೊಬ್ಬನಿಗೆ ಟೈರು ಬದಲಿಸಲು ನಿಲ್ಲದಿದ್ದರೆ!

ಅದೇ 20 ಕಿಲೋಮೀಟರಿಗೆ ಒಂದು ಗಾಡಿ ಇಡಿ. ಆರು ಗಾಡಿ. ಸುತ್ತು 40 ಕಿಲೋಮೀಟರ್, 40 ನಿಮಿಷ. ಸರಾಸರಿ ಕಾಯುವುದು 20 ನಿಮಿಷ. ಶುಕ್ರವಾರ ಸಂಜೆ, ಶನಿವಾರ ಬೆಳಿಗ್ಗೆ ನೀವೆಲ್ಲ ಬೆಂಗಳೂರು ಬಿಟ್ಟು ಹೊರಡುತ್ತೀರಿ. ಭಾನುವಾರ ಸಂಜೆ ಒಟ್ಟಿಗೆ ವಾಪಸ್ಸು ಬರುತ್ತೀರಿ. ದಸರಾ, ಯುಗಾದಿ, ಸಾಲು ರಜೆಯಲ್ಲಿ ಹೆದ್ದಾರಿಯೇ ಜಾತ್ರೆ. ಆ ಹೊತ್ತಿಗೆ ಗಾಡಿಗಳನ್ನು ಎರಡರಷ್ಟು ಮಾಡಿದರೆ ಕಾಯುವುದು 10 ನಿಮಿಷಕ್ಕೆ ಇಳಿಯುತ್ತದೆ. ಇದೇನು ರಾಕೆಟ್ ವಿಜ್ಞಾನವೇ? ಸಾರಿಗೆ ಸಂಸ್ಥೆಯವರು ಹಬ್ಬಕ್ಕೆ ವಿಶೇಷ ಬಸ್ಸು ಬಿಡುವುದಿಲ್ಲವೇ, ಹಾಗೆಯೇ ವಿಶೇಷ ಗಸ್ತು.

ಇನ್ನೊಂದು ಮರೆಯಬೇಡಿ. ಇದು ಕಂಬಿ ಕಟ್ಟಿದ ರಸ್ತೆ. ಎಲ್ಲೆಂದರಲ್ಲಿ ತಿರುಗುವ ಹಾಗಿಲ್ಲ. ಎದುರು ಪಥದಲ್ಲಿ ಅಪಘಾತವಾದರೆ ಕಣ್ಣೆದುರೇ ಕಂಡರೂ ಕ್ರೇನು ಮುಂದಿನ ಇಳಿದಾಣದವರೆಗೆ ಹೋಗಿ ಸುತ್ತಿ ಬರಬೇಕು. ಆದ್ದರಿಂದ ಗಾಡಿ ಎಲ್ಲಿ ಕಾಯಬೇಕು ಅನ್ನೋದನ್ನು ಟೋಲಿನ ಆಫೀಸಿಗೆ ಹತ್ತಿರ, ಚಹಾದಂಗಡಿಗೆ ಹತ್ತಿರ ಅಂತ ನಿರ್ಧರಿಸಬಾರದು. ಅಪಘಾತ ಎಲ್ಲಿ ಹೆಚ್ಚು, ಹತ್ತುವ ಇಳಿಯುವ ಜಾಗ ಎಲ್ಲಿ, ಇದನ್ನು ನೋಡಿ ನಿರ್ಧರಿಸಬೇಕು.

ಇನ್ನು ಜನ. ವಾರಕ್ಕೆ 168 ಗಂಟೆ. ಒಬ್ಬ ಮನುಷ್ಯ ವಾರಕ್ಕೆ 48 ಗಂಟೆ ದುಡಿದರೆ ಒಂದು ಜಾಗ ತುಂಬಲು ಮೂರೂವರೆ ಜನ. ಜ್ವರ, ಹಬ್ಬ, ಮದುವೆ, ತರಬೇತಿ ಸೇರಿದರೆ ನಾಲ್ಕಕ್ಕೂ ಮೇಲೆ. ಗಾಡಿಗೆ ಇಬ್ಬರಂತೆ ಒಂಬತ್ತು ಜನ ಅಂತ ಇಟ್ಟುಕೊಳ್ಳಿ. ಆರು ಗಸ್ತು ಗಾಡಿಗೆ 54. ನಾಲ್ಕು ಆಂಬುಲೆನ್ಸಿಗೆ 36. ಮೂರು ಕ್ರೇನಿಗೆ 27. ಕರೆ ತೆಗೆಯುವ ಕೋಣೆಯಲ್ಲಿ ಸದಾ ಇಬ್ಬರು ಇರಲು 9. ಒಟ್ಟು 126. ಅಂದರೆ ಕಿಲೋಮೀಟರಿಗೆ ಹತ್ತಿರ ಹತ್ತಿರ ಒಬ್ಬ. 8,480 ಕೋಟಿ ಸುರಿದ ರಸ್ತೆಗೆ ಕಿಲೋಮೀಟರಿಗೆ ಒಬ್ಬ ಕಾವಲುಗಾರನನ್ನು ಇಡಲು ಆಗುವುದಿಲ್ಲವೇ?

ಇದಕ್ಕಿಂತ ಕಡಿಮೆ ಜನರನ್ನು ಇಟ್ಟು 24 ಗಂಟೆ ಸೇವೆ ಅಂತ ಬೋರ್ಡು ಬರೆದವನು ಎರಡರಲ್ಲಿ ಒಂದು ಮಾಡುತ್ತಿರುತ್ತಾನೆ. ಒಂದೋ ನಮಗೆ ಸುಳ್ಳು ಹೇಳುತ್ತಿರುತ್ತಾನೆ, ಇಲ್ಲವೋ ಕೂಲಿಯವನನ್ನು 12 ಗಂಟೆ ದುಡಿಸಿ ನಿದ್ದೆಗಣ್ಣಿನಲ್ಲಿ ಹೆದ್ದಾರಿಗೆ ಬಿಡುತ್ತಿರುತ್ತಾನೆ.

ಇಲ್ಲಿ ಕನ್ನಡ ಎಲ್ಲಿಂದ ಬಂತು ಅಂತೀರಾ?

ಕೇಳಿ. ಅಪಘಾತ ಆದವನ ಬಾಯಲ್ಲಿ ಬರುವುದು ಯಾವ ಭಾಷೆ? ತಾಯಿಯ ಭಾಷೆ. ಮಂಡ್ಯ ಸೀಮೆಯವನು ಫೋನಿನಲ್ಲಿ ಏನು ಹೇಳುತ್ತಾನೆ? "ಅಣ್ಣಾ, ಬೂದನೂರು ದಾಟಿ ಬಂದಿವ್ನಿ, ಹನಕೆರೆ ಇನ್ನೂ ಸಿಕ್ಕಿಲ್ಲ, ಎಡಕ್ಕೆ ಒಂದ್ ಕಬ್ಬಿನ್ ಗದ್ದೆ ಐತೆ." ಇದು ವಿಳಾಸ ಸ್ವಾಮಿ! ಆ ಕಡೆ ಫೋನು ಹಿಡಿದವನಿಗೆ ಬೂದನೂರು ಯಾವ ದಿಕ್ಕು, ಹನಕೆರೆ ಮದ್ದೂರಿನ ಕಡೆಗೋ ಮೈಸೂರಿನ ಕಡೆಗೋ ಅನ್ನೋದು ಗೊತ್ತಿದ್ದರೆ ಆಂಬುಲೆನ್ಸು ಸರಿಯಾದ ಪಥಕ್ಕೆ ಬರುತ್ತದೆ. ಗೊತ್ತಿಲ್ಲದಿದ್ದರೆ? "ಲೊಕೇಶನ್ ಭೇಜಿಯೇ" ಅಂದರೆ ಕೈ ಮುರಿದು ಬಿದ್ದವನು ಏನು ಕಳಿಸಬೇಕು?

ಆಂಬುಲೆನ್ಸಿನ ಹುಡುಗ ಬಂದು ಮೊದಲು ಕೇಳಬೇಕಾದ್ದೇನು? ಎಲ್ಲಿ ನೋಯ್ತದೆ, ಉಸಿರಾಡಕ್ಕೆ ಆಯ್ತದಾ, ಕಾಲು ಅಲ್ಲಾಡಿಸು ನೋಡುವಾ, ಸಕ್ಕರೆ ಕಾಯಿಲೆ ಐತಾ? ಈ ನಾಲ್ಕು ಪ್ರಶ್ನೆ ಕೇಳಲು ಬಾರದವನು ಎಷ್ಟೇ ತರಬೇತಿ ಪಡೆದಿದ್ದರೂ ಅರ್ಧ ಕುರುಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದು ಪೆಟ್ಟಾದ ಮೇಲಿನ ಮೊದಲ ಒಂದು ಗಂಟೆಯನ್ನು ಚಿನ್ನದ ಗಂಟೆ ಅಂತ ಕಾನೂನಿನಲ್ಲೇ ಬರೆದಿದ್ದಾರೆ. ಆ ಚಿನ್ನದ ಗಂಟೆಯಲ್ಲಿ ಹತ್ತು ನಿಮಿಷ ದುಭಾಷಿಯನ್ನು ಹುಡುಕುವುದರಲ್ಲಿ ಹೋದರೆ ಆ ಸಾವಿಗೆ ಯಾರು ಹೊಣೆ?

ಕನ್ನಡ ಅಂದರೆ ನವೆಂಬರಿನ ಬಾವುಟ ಮಾತ್ರ ಅಂದುಕೊಂಡಿದ್ದೀರಿ. ಇಲ್ಲಿ ನೋಡಿ, ಕನ್ನಡ ಅಂದರೆ ಜೀವ. ಅಕ್ಷರಶಃ ಜೀವ.

2017ರಲ್ಲಿ ನಮ್ಮ ಮೆಟ್ರೋದ ಬೋರ್ಡುಗಳಲ್ಲಿ ಹಿಂದಿ ಬಂದಾಗ ನಾವೆಲ್ಲ ಎದ್ದು ನಿಂತೆವು, ತೆಗೆಸಿದೆವು. ಒಳ್ಳೆಯದೇ. 2024ರಲ್ಲಿ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಅಂತ ಕಾನೂನು ಬಂತು, ಅದೂ ಒಳ್ಳೆಯದೇ. ಆದರೆ ಬೋರ್ಡಿಗೆ ಬಣ್ಣ ಹೊಡೆಸಿ ಸುಮ್ಮನಾದರೆ ಹೇಗೆ? ಬೋರ್ಡಿನ ಕೆಳಗೆ ಕೂತವನ ಬಾಯಲ್ಲಿ ಕನ್ನಡ ಬರಬೇಡವೇ? 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲೇ 87ನೆಯ ಸಾಹಿತ್ಯ ಸಮ್ಮೇಳನ ನಡೆಯಿತು. ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರು. ಬಾಡೂಟ ಬೇಕೋ ಬೇಡವೋ ಅಂತ ನಾವು ದಿನಗಟ್ಟಲೆ ಕಚ್ಚಾಡಿದೆವು. ಊಟದ ಬಗ್ಗೆ ತೋರಿಸಿದ ಕೆಚ್ಚಿನಲ್ಲಿ ಕಾಲು ಭಾಗವನ್ನು ಆ ಮೈದಾನದ ಪಕ್ಕದಲ್ಲೇ ಹಾದ ಹೆದ್ದಾರಿಯ ಬಗ್ಗೆ ತೋರಿಸಿದ್ದರೆ?

ಬಡವನ ಮೇಲೆ ಕೈ ಬೇಡ

ಇಲ್ಲೊಂದು ಮಾತು ಖಡಾಖಂಡಿತ. ಟೋಲಿನ ಗೂಡಿನಲ್ಲಿ, ಕ್ರೇನಿನ ಮೇಲೆ ಹೊರರಾಜ್ಯದ ಹುಡುಗ ಕಂಡರೆ ಅವನ ಕಾಲರು ಹಿಡಿಯಬೇಡಿ. ಅವನೂ ಹೊಟ್ಟೆಪಾಡಿಗೆ ಬಂದವನು. ಅವನ ಊರಿನಲ್ಲಿ ಕೆಲಸವಿದ್ದರೆ ಗಣಂಗೂರಿನ ಬಿಸಿಲಿಗೆ ಯಾಕೆ ಬರುತ್ತಿದ್ದ? ಅವನನ್ನು ಹೊಡೆದು ವಿಡಿಯೋ ಮಾಡುವುದು ಹೇಡಿತನ. ಅದು ಕನ್ನಡದ ಕೆಲಸವಲ್ಲ.

ಹಿಡಿಯಬೇಕಾದ್ದು ಟೆಂಡರಿನ ಕಾಗದವನ್ನು. ಕಡಿಮೆ ದರ ಹಾಕಿದವನಿಗೆ ಗುತ್ತಿಗೆ, ಅವನು ಕಡಿಮೆ ಕೂಲಿಗೆ ಸಿಕ್ಕವನನ್ನು ತರುತ್ತಾನೆ. ಟೆಂಡರಿನಲ್ಲಿ ಕ್ರೇನು ಎಷ್ಟು ಟನ್ ಎಳೆಯಬೇಕು ಅಂತ ಬರೆಯುತ್ತಾರಲ್ಲ, ಹಾಗೆಯೇ ಗಸ್ತಿನವನು ಸ್ಥಳೀಯ ಭಾಷೆ ಮಾತಾಡಬೇಕು ಅಂತಲೂ ಬರೆಯಲಿ. ಭಾಷೆಯೂ ಒಂದು ಸಲಕರಣೆ. ಜಾಕ್ ಇಲ್ಲದ ಗಾಡಿಯನ್ನು ಪಾಸು ಮಾಡುವುದಿಲ್ಲ ಅಂದಮೇಲೆ ಕನ್ನಡವಿಲ್ಲದ ಗಾಡಿಯನ್ನು ಯಾಕೆ ಪಾಸು ಮಾಡುತ್ತೀರಿ? ಬಿಹಾರದಲ್ಲಿ ಗಸ್ತು ತಿರುಗುವವನಿಗೆ ಬಿಹಾರದ ಮಾತು ಬರಲಿ, ತಮಿಳುನಾಡಿನಲ್ಲಿ ತಮಿಳು ಬರಲಿ. ನಾವು ಕೇಳುತ್ತಿರುವುದು ಎಲ್ಲರಿಗೂ ಸಲ್ಲುವ ನ್ಯಾಯ.

"ಕನ್ನಡದ ಹುಡುಗರು ಇಂಥ ಕೆಲಸಕ್ಕೆ ಬರೋದಿಲ್ಲ" ಅಂತ ಗುತ್ತಿಗೆದಾರರ ಪರ ವಾದ ಮಾಡುವವರಿದ್ದಾರೆ. ಯಾವ ಕೆಲಸಕ್ಕೆ? ರಜೆಯಿಲ್ಲ, ಪಿಎಫ್ ಇಲ್ಲ, ನಾಳೆ ಗ್ಯಾರಂಟಿಯಿಲ್ಲ ಅನ್ನುವ ಕೆಲಸಕ್ಕೆ ಯಾರು ತಾನೇ ಸಂತೋಷದಿಂದ ಬರುತ್ತಾರೆ? ಎಂಟು ಗಂಟೆಯ ಪಾಳಿ, ಕಾನೂನಿನ ಕೂಲಿ, ಮಳೆಗೆ ಕೋಟು, ರಾತ್ರಿ ಹೊಳೆಯುವ ಜಾಕೆಟ್ಟು, ಜೀವವಿಮೆ ಕೊಟ್ಟು ನೋಡಿ. ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಐಟಿಐ ಮುಗಿಸಿ, ಟ್ರ್ಯಾಕ್ಟರು ರಿಪೇರಿ ಕಲಿತು, ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಲಾಗದೆ ವಾಪಸ್ಸು ಬಂದವರಿದ್ದಾರೆ. ಆ 126 ಜಾಗಕ್ಕೆ ಸಾಲು ನಿಲ್ಲುತ್ತಾರೆ. ಹೆಣ್ಣುಮಕ್ಕಳೂ ಬರುತ್ತಾರೆ. ರಾತ್ರಿ ಒಬ್ಬಳೇ ಕಾರಿನಲ್ಲಿ ಸಿಕ್ಕಿಕೊಂಡ ಹೆಣ್ಣುಮಗಳಿಗೆ ಫೋನಿನಲ್ಲಿ ಹೆಣ್ಣುದನಿ ಕನ್ನಡದಲ್ಲಿ ಧೈರ್ಯ ಹೇಳಿದರೆ ಎಷ್ಟು ಬಲ!

ಸರೋಜಿನಿ ಮಹಿಷಿ ವರದಿ ಬಂದದ್ದು 1986ರಲ್ಲಿ. 58 ಶಿಫಾರಸು. ಅದನ್ನು ಬಾಯಲ್ಲಿ ಜಪಿಸದ ರಾಜಕಾರಣಿಯಿಲ್ಲ. 2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಉದ್ಯೋಗ ಮೀಸಲಿನ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಕೆಮ್ಮಿದರು, ಎರಡು ದಿನದೊಳಗೆ ಮಸೂದೆಯನ್ನು ಅಟ್ಟಕ್ಕೆ ಹಾಕಿದರು. ದೊಡ್ಡ ಮಸೂದೆ ಆಗುವಾಗ ಆಗಲಿ. ಆದರೆ ಕನ್ನಡ ಇಲ್ಲದೆ ಕೆಲಸವೇ ನಡೆಯದ ಇಂಥ ಜಾಗದಿಂದಲಾದರೂ ಶುರು ಮಾಡಲು ಯಾವ ಉದ್ಯಮಿಯ ಅಪ್ಪಣೆ ಬೇಕು?

ಮಳವಳ್ಳಿಯವನ ಜೀವ ಅಗ್ಗವೇ?

ಇಷ್ಟೆಲ್ಲ ಮೈಸೂರು ಹೆದ್ದಾರಿಯ ಕಥೆ. ಬೇರೆ ರಸ್ತೆಗಳ ಕಥೆ ಇನ್ನೂ ಕೆಟ್ಟದ್ದು.

ಬೆಂಗಳೂರು–ಕನಕಪುರ–ಹಲಗೂರು–ಮಳವಳ್ಳಿ–ಕೊಳ್ಳೇಗಾಲ ರಸ್ತೆಯೂ ರಾಷ್ಟ್ರೀಯ ಹೆದ್ದಾರಿಯೇ, ನಂಬರು 948. ವಾರದ ಕೊನೆಗೆ ಗಗನಚುಕ್ಕಿ, ಮುತ್ತತ್ತಿ ಅಂತ ನೀವು ಬೈಕಿನಲ್ಲಿ ಹಾರಿಕೊಂಡು ಹೋಗುವ ರಸ್ತೆ ಅದೇ. ಮದ್ದೂರಿನಿಂದ ಕೆ.ಎಂ. ದೊಡ್ಡಿ ಮೇಲೆ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬು ಅರೆಯುವ ಕಾಲದಲ್ಲಿ ರಾತ್ರಿಯೆಲ್ಲ ಟ್ರ್ಯಾಕ್ಟರು, ಎತ್ತಿನ ಗಾಡಿ ಸಾಲು ಸಾಲು. ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ, ಗಾಡಿಯ ಎರಡರಷ್ಟು ಅಗಲ ಕಬ್ಬು. ಹಿಂದಿನಿಂದ ಬೈಕಿನಲ್ಲಿ ಬರುವವನಿಗೆ ಕತ್ತಲೇ ಗೋಡೆಯಾಗಿ ನಿಂತಂತೆ. ಇಲ್ಲಿ ಟೋಲಿನವನ ಗಸ್ತು ಬರುವುದಿಲ್ಲ. ಕಾರ್ಖಾನೆಯವರು, ಆರ್‌ಟಿಒ, ಪೊಲೀಸರು ಸೇರಿ ಪ್ರತಿ ಗಾಡಿಗೂ ಹೊಳೆಯುವ ಪಟ್ಟಿ ಅಂಟಿಸಲು ಎಷ್ಟು ಖರ್ಚು? ಒಂದು ಹೆಣದ ಪರಿಹಾರಕ್ಕಿಂತ ಕಡಿಮೆ.

ಇನ್ನು ವಿಶ್ವೇಶ್ವರಯ್ಯ ನಾಲೆ. ಮಂಡ್ಯಕ್ಕೆ ಅನ್ನ ಕೊಟ್ಟ ನಾಲೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ಅದೇ ನಾಲೆಗೆ ಉರುಳಿ 30 ಜನ ಜಲಸಮಾಧಿಯಾದರು. ಶಾಲೆ ಬಿಟ್ಟು ಮನೆಗೆ ಹೊರಟ ಮಕ್ಕಳೂ ಅದರಲ್ಲಿದ್ದರು. ಮಂತ್ರಿಗಳು ಬಂದರು, ಪರಿಹಾರ ಘೋಷಿಸಿದರು. ತಡೆಗೋಡೆ ಕಟ್ಟುತ್ತೇವೆ ಅಂದರು. 2023ರಲ್ಲಿ ಮತ್ತೆ ಮತ್ತೆ ಕಾರುಗಳು ನಾಲೆಗೆ ಬಿದ್ದವು, ಮತ್ತೆ ಹೆಣ ಎತ್ತಿದೆವು. ನೀರಿನಿಂದ ಮೊದಲು ಎತ್ತಲು ಧುಮುಕಿದವರು ಯಾರು? ಗದ್ದೆಯಲ್ಲಿದ್ದ ರೈತರು. ಹಗ್ಗವೂ ಅವರದ್ದೇ, ಎದೆಗಾರಿಕೆಯೂ ಅವರದ್ದೇ. ಸರ್ಕಾರದ್ದು ಏನಿತ್ತು?

ಟೋಲ್ ಇದ್ದಲ್ಲಿ ಆಂಬುಲೆನ್ಸು, ಇಲ್ಲದಲ್ಲಿ ಹಣೆಬರಹ ಅಂದರೆ ಅದು ಪ್ರಜಾಪ್ರಭುತ್ವವಲ್ಲ, ಅಂಗಡಿ. ಟೋಲಿಲ್ಲದ ರಸ್ತೆಗೂ ಗಸ್ತು ಕೊಡುವುದು ರಾಜ್ಯ ಸರ್ಕಾರದ ಹೊಣೆ. ಆ ರಸ್ತೆಯವನೂ ಡೀಸೆಲ್ ಮೇಲೆ ತೆರಿಗೆ ಕಟ್ಟುತ್ತಾನೆ, ಗಾಡಿಗೆ ರಸ್ತೆ ತೆರಿಗೆ ಕಟ್ಟುತ್ತಾನೆ.

ನೀವು ನಿಲ್ಲುತ್ತೀರಾ?

ಸರ್ಕಾರವನ್ನು ಬೈದದ್ದಾಯಿತು. ಈಗ ನಿಮ್ಮ ಸರದಿ.

2016ರ ಫೆಬ್ರವರಿಯಲ್ಲಿ ಗುಬ್ಬಿ ಕಡೆಯ ಹರೀಶ್ ನಂಜಪ್ಪ ಅನ್ನುವ ಯುವಕ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾಗಿ ಬಿದ್ದ. ಆ ಸ್ಥಿತಿಯಲ್ಲೂ ಅಂಗಾಂಗ ದಾನ ಮಾಡಿ ಅಂದ. ಅವನ ಕಣ್ಣುಗಳು ಬೇರೆಯವರಿಗೆ ಬೆಳಕಾದವು. ಅವನ ಹೆಸರಿನಲ್ಲಿ ಅದೇ ವರ್ಷ ರಾಜ್ಯ ಸರ್ಕಾರ ಸಾಂತ್ವನ ಯೋಜನೆ ತಂದಿತು. ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. ಅಪಘಾತದಲ್ಲಿ ನೆರವಾದವನನ್ನು ಕಾಪಾಡುವ ಕಾನೂನನ್ನೂ ಕರ್ನಾಟಕ 2016ರಲ್ಲೇ ಮಾಡಿತು. 2019ರ ತಿದ್ದುಪಡಿಯಲ್ಲಿ ಅದು ಇಡೀ ದೇಶಕ್ಕೆ ಬಂತು. 2025ರ ಮೇ 5ರಿಂದ ದೇಶದಾದ್ಯಂತ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಯೋಜನೆ ಜಾರಿಗೆ ಬಂದಿದೆ.

ಅಂದರೆ "ಪೊಲೀಸ್ ಕೇಸು ಸುತ್ತಿಕೊಳ್ಳುತ್ತದೆ" ಅನ್ನೋ ನೆಪ ಈಗ ನಡೆಯುವುದಿಲ್ಲ. ನೆರವಾದವನು ತನ್ನ ಹೆಸರು ಹೇಳಬೇಕಿಲ್ಲ. ಆಸ್ಪತ್ರೆಯಲ್ಲಿ ಅವನನ್ನು ಕೂರಿಸಿಕೊಳ್ಳುವ ಹಾಗಿಲ್ಲ. ಆದರೂ ಗಾಡಿ ನಿಧಾನ ಮಾಡಿ ಮೊಬೈಲಿನಲ್ಲಿ ಫೋಟೋ ಹಿಡಿದು ಮುಂದೆ ಹೋಗುವವರೇ ಹೆಚ್ಚಾದರೆ, ಎದೆಯ ಮೇಲಿನ ಕನ್ನಡ ಬಾವುಟದ ಸ್ಟಿಕ್ಕರಿಗೆ ಏನು ಬೆಲೆ? ಗಾಡಿಯನ್ನು ರಸ್ತೆಯಿಂದ ದೂರ ನಿಲ್ಲಿಸಿ, ಮಿನುಗುದೀಪ ಹಾಕಿ, 112ಕ್ಕೋ 108ಕ್ಕೋ 1033ಕ್ಕೋ ಕರೆ ಮಾಡಿ. ಕಿಲೋಮೀಟರು ಕಲ್ಲಿನ ನಂಬರು, ಯಾವ ಕಡೆಗೆ ಹೋಗುವ ಪಥ, ಎಷ್ಟು ಜನಕ್ಕೆ ಪೆಟ್ಟು, ಈ ಮೂರನ್ನು ಕನ್ನಡದಲ್ಲೇ ಹೇಳಿ. ಕನ್ನಡದಲ್ಲಿ ಉತ್ತರ ಬರದಿದ್ದರೆ ಆಗ ಜಗಳಕ್ಕೆ ನಿಲ್ಲಬೇಡಿ. ಯಾವ ಭಾಷೆಯಲ್ಲಾದರೂ ಸರಿ, ಮೊದಲು ಜೀವ ಉಳಿಸಿ. ಆದರೆ ದಿನಾಂಕ, ಹೊತ್ತು ಬರೆದಿಟ್ಟುಕೊಳ್ಳಿ. ಜಗಳ ಮಾರನೆಯ ದಿನ ಮಾಡೋಣ, ಕಾಗದದ ಮೇಲೆ.

ಕಾಗದದ ಮೇಲೆ ಹೇಗೆ? 2005ರ ಮಾಹಿತಿ ಹಕ್ಕು ಕಾಯ್ದೆಯ ಆರನೆಯ ಕಲಮು ಓದಿ. ಅರ್ಜಿಯನ್ನು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಇಲ್ಲವೇ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಕೊಡಬಹುದು. ಅಂದರೆ ಹೆದ್ದಾರಿ ಪ್ರಾಧಿಕಾರ ಕೇಂದ್ರದ್ದಾದರೂ ಅದಕ್ಕೆ ಕನ್ನಡದಲ್ಲಿ ಅರ್ಜಿ ಹಾಕುವುದು ನಿಮ್ಮ ಹಕ್ಕು. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕೇಳಬೇಕಾದ್ದು ಇಷ್ಟು:

1. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಸ್ತು ಗಾಡಿ, ಆಂಬುಲೆನ್ಸು, ಕ್ರೇನು ಎಷ್ಟು? ಯಾವ ಕಿಲೋಮೀಟರಿನಲ್ಲಿ ನಿಲ್ಲುತ್ತವೆ?

2. ಪ್ರತಿ ಪಾಳಿಯಲ್ಲಿ ಎಷ್ಟು ಜನ? ಪಾಳಿ ಎಷ್ಟು ಗಂಟೆ?

3. ಅವರಲ್ಲಿ ಕನ್ನಡ ಮಾತಾಡಬಲ್ಲವರು ಎಷ್ಟು? ಮಂಡ್ಯ ಮತ್ತು ಬೆಂಗಳೂರು ದಕ್ಷಿಣ ಜಿಲ್ಲೆಯವರು ಎಷ್ಟು?

4. ಕಳೆದ 12 ತಿಂಗಳಲ್ಲಿ ಬಂದ ಕರೆ ಎಷ್ಟು? ಕರೆ ಬಂದ ಹೊತ್ತು, ಗಾಡಿ ತಲುಪಿದ ಹೊತ್ತು ಏನು?

5. ತಡವಾದದ್ದಕ್ಕೆ ಗುತ್ತಿಗೆದಾರನಿಗೆ ದಂಡ ಹಾಕಿದ್ದೀರಾ? ಎಷ್ಟು?

6. ಸರ್ವೀಸ್ ರಸ್ತೆಗೂ ಗಸ್ತು ಬರುತ್ತದೆಯೇ? ಬೈಕು, ಟ್ರ್ಯಾಕ್ಟರಿನವರನ್ನು ನೀವೇ ಅಲ್ಲಿಗೆ ತಳ್ಳಿದ ಮೇಲೆ ಅವರ ಗತಿ ಏನು?

ಮಂಡ್ಯದಲ್ಲೊಬ್ಬ, ಮದ್ದೂರಿನಲ್ಲೊಬ್ಬ, ಮಳವಳ್ಳಿಯಲ್ಲೊಬ್ಬ, ಬೆಂಗಳೂರಿನ ಪ್ರತಿ ಬಡಾವಣೆಯಲ್ಲೊಬ್ಬ ಈ ಅರ್ಜಿ ಹಾಕಲಿ. ಉತ್ತರ ಬಂದರೆ ಅದನ್ನೇ ಹಿಡಿದು ಶಾಸಕರನ್ನು, ಸಂಸದರನ್ನು ಕೇಳಿ. ಉತ್ತರ ಬಾರದಿದ್ದರೆ ಮೇಲ್ಮನವಿ ಹಾಕಿ. ಮಳವಳ್ಳಿಯವರು ಜಿಲ್ಲಾಧಿಕಾರಿಗೆ ಇನ್ನೊಂದು ಅರ್ಜಿ ಹಾಕಲಿ. 948ನೆಯ ಹೆದ್ದಾರಿಗೆ, ಕಬ್ಬಿನ ಹಂಗಾಮಿನ ರಸ್ತೆಗಳಿಗೆ, ನಾಲೆ ಏರಿಗಳಿಗೆ ಏನು ವ್ಯವಸ್ಥೆ ಅಂತ ಕೇಳಲಿ.

ಇದರಲ್ಲಿ ಜೈಕಾರವಿಲ್ಲ, ಟೈರು ಸುಡುವುದಿಲ್ಲ, ಟಿವಿ ಕ್ಯಾಮೆರಾ ಬರುವುದಿಲ್ಲ. ಅದಕ್ಕೇ ಇದು ಕಷ್ಟ. ಮದ್ದೂರಿನ ಶಿವಪುರದಲ್ಲಿ 1938ರಲ್ಲಿ ನಮ್ಮ ಹಿರಿಯರು ನಿಷೇಧವನ್ನು ಧಿಕ್ಕರಿಸಿ ಧ್ವಜ ಏರಿಸಿದರು. ಆ ಕಾಲಕ್ಕೆ ಬಾವುಟ ಏರಿಸುವುದೇ ಎದೆಗಾರಿಕೆ. ಇಂದು ಬಾವುಟ ಯಾರು ಬೇಕಾದರೂ ಏರಿಸಬಹುದು. ಇಂದಿನ ಎದೆಗಾರಿಕೆ ಲೆಕ್ಕ ಕೇಳುವುದರಲ್ಲಿದೆ, ಉತ್ತರ ಬರುವ ತನಕ ಬಿಡದಿರುವುದರಲ್ಲಿದೆ.

ನಮ್ಮ ನೆಲದ ಮೇಲೆ ಹಾದ ರಸ್ತೆ. ನಮ್ಮ ದುಡ್ಡು. ನಮ್ಮ ಜೀವ. ಕೂಗಿದರೆ ನಮ್ಮ ಮಾತಿನಲ್ಲೇ "ಬಂದೆ ಕಣಣ್ಣ, ಹೆದರಬೇಡ" ಅನ್ನುವವನೊಬ್ಬ ಬರಬೇಕು. ಅಷ್ಟೇ ನಾವು ಕೇಳುತ್ತಿರುವುದು. ಅದಕ್ಕಿಂತ ಕಡಿಮೆಗೆ ಒಪ್ಪಬೇಡಿ.

10 ರೂಪಾಯಿ, ಒಂದು ಹಾಳೆ, ಒಂದು ಪೆನ್ನು. ಇವತ್ತೇ ಬರೆಯಿರಿ!